ಕಾರಿಲ್ಲದವಳಿಗೆ ಕಾಫಿ ಇಲ್ಲ

14 ಅಕ್ಟೋಬರ್ 2025, ಮಂಗಳವಾರ
ಪ್ಲೇನೋ, ಟೆಕ್ಸಸ್

ಬೆಳಗ್ಗೆ ಹತ್ತು ಗಂಟೆಗೆ ಬರ್ಗರ್ ಅಂಗಡಿಯ ಹಿಂಭಾಗದಲ್ಲಿ, ಕಾರುಗಳು ಸಾಲುಗಟ್ಟುವ ಜಾಗದಲ್ಲಿ, ಒಂದು ಕೆಂಪು ಟ್ರಕ್ಕಿನ ಬಾಲಕ್ಕೆ ನಾನೂ ನಿಂತಿದ್ದೆ. ಚೂಡಿದಾರ, ಮೇಲೊಂದು ಸ್ವೆಟರ್, ಕಾಲಿಗೆ ಸೊಸೆ ಕೊಡಿಸಿದ ವಾಕಿಂಗ್ ಶೂ. ನನ್ನ ಹಿಂದೆ ಇನ್ನೊಂದು ಕಾರು ಬಂದು ನಿಂತಿತು. ಅದರೊಳಗಿದ್ದ ಹೆಂಗಸು ಹಾರ್ನ್ ಹೊಡೆಯಲಿಲ್ಲ, ಪುಣ್ಯಾತ್ಗಿತ್ತಿ. ಕನ್ನಡಕ ಹಣೆಗೇರಿಸಿ ಇದೇನು ಅಂತ ನೋಡಿದಳು, ಅಷ್ಟೆ.

ಮೊದಲಿಂದ ಹೇಳುತ್ತೇನೆ. ಇಲ್ಲಿಗೆ ಬಂದು ಐದು ವಾರವಾಯಿತು. ಏಳೂವರೆಗೆ ಮೊಮ್ಮಗನ ಸ್ಕೂಲ್ ಬಸ್, ಎಂಟಕ್ಕೆ ಮಗ ಸೊಸೆ ಇಬ್ಬರೂ ಆಫೀಸಿಗೆ. ಆಮೇಲೆ ಮನೆಯಲ್ಲಿ ಫ್ರಿಜ್ಜಿನದೊಂದೇ ಸದ್ದು. ಎರಡನೇ ವಾರ ಧೈರ್ಯ ಮಾಡಿ ಒಬ್ಬಳೇ ನಡೆದು ಹೊರಟಾಗ ಈ ಅಂಗಡಿ ಸಿಕ್ಕಿತು. ಮನೆಯಿಂದ ಇಪ್ಪತ್ತೆರಡು ನಿಮಿಷ, ನಡುವೆ ಒಂದು ದೊಡ್ಡ ಸಿಗ್ನಲ್. ಹೆಸರು ಬೇಡ, ಎಲ್ಲ ಊರಿನಲ್ಲೂ ಇರುವಂಥದ್ದೇ. ಅಲ್ಲಿನ ಕಾಫಿಯನ್ನು ಕಾಫಿ ಅಂದರೆ ನಮ್ಮ ಡಿಕಾಕ್ಷನ್ನಿಗೆ ಅವಮಾನ. ನಾನು ಹೋಗುತ್ತಿದ್ದದ್ದು ಕುರ್ಚಿಗೆ. ಗಾಜಿನ ಪಕ್ಕದ ಎರಡನೇ ಟೇಬಲ್. ಆಚೆ ತುದಿಯಲ್ಲಿ ಪೇಪರಿನ ಪದಬಂಧ ತುಂಬುತ್ತಾ ಕೂರುವ ಬಿಳಿ ಮೀಸೆಯ ಅಜ್ಜ. ಬಾಗಿಲ ಹತ್ತಿರ ನನ್ನ ವಯಸ್ಸಿನವಳೇ ಒಬ್ಬಳು ವಿಯೆಟ್ನಾಂ ಹೆಂಗಸು, ಯಾವಾಗಲೂ ನೇರಳೆ ಬಣ್ಣದ ಟೋಪಿ. ಅವಳ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಹೊಂದುತ್ತಿರಲಿಲ್ಲ. ಬಂದಾಗ ಒಂದು ನಗು, ಹೋಗುವಾಗ ಒಂದು ನಗು. ಅಷ್ಟು ಸಾಕಾಗಿತ್ತು.

ಇವತ್ತು ಹೋದರೆ ಬಾಗಿಲಿಗೆ ಬೀಗ. ಗಾಜಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹಾಳೆ: ಕೆಲಸಗಾರರ ಕೊರತೆ, ಒಳಗೆ ಕೂರುವಂತಿಲ್ಲ, ಡ್ರೈವ್ ಥ್ರೂ ಮಾತ್ರ. ಅಂದರೆ ಕಾರಿನಲ್ಲೇ ಕೂತು ಕಿಟಕಿಯಲ್ಲಿ ತೆಗೆದುಕೊಂಡು ಹೋಗುವವರಿಗೆ ಮಾತ್ರ. ಒಳಗೆ ದೀಪ ಉರಿಯುತ್ತಿದೆ, ಹುಡುಗರು ಓಡಾಡುತ್ತಿದ್ದಾರೆ, ಕುರ್ಚಿಗಳನ್ನು ಟೇಬಲ್ ಮೇಲೆ ಬೋರಲು ಹಾಕಿದ್ದಾರೆ. ಇಪ್ಪತ್ತೆರಡು ನಿಮಿಷ ನಡೆದು ಬಂದವಳು ಬರಿಗೈಯಲ್ಲಿ ವಾಪಸ್ ಹೋಗುವುದು ಹೇಗೆ? ಸಾಲು ಅಂದ ಮೇಲೆ ಸಾಲು ಅಂದುಕೊಂಡು ಟ್ರಕ್ಕಿನ ಹಿಂದೆ ನಿಂತೆ.

ಟ್ರಕ್ಕು ಮುಂದೆ ಹೋಯಿತು. ಆರ್ಡರ್ ಹೇಳುವ ಕಂಬದ ಮುಂದೆ ನಿಂತು ‘ಹಲೋ’ ಅಂದೆ. ಉತ್ತರವಿಲ್ಲ. ಇನ್ನೊಂದು ಸಲ ಅಂದೆ. ಸಂಜೆ ಮಗ ವಿವರಿಸಿದ: ಅಲ್ಲಿ ನೆಲದಡಿ ತಂತಿಯ ಸುರುಳಿ ಹೂತಿರುತ್ತಾರಂತೆ, ಮೇಲೆ ವಾಹನ ಬಂದು ನಿಂತರೆ ಅದರ ಲೋಹ ಗೊತ್ತಾಗಿ ಒಳಗಿನವರ ಕಿವಿಯಲ್ಲಿ ಸದ್ದಾಗುತ್ತದಂತೆ. ನನ್ನ ಐವತ್ತೆಂಟು ಕೆ.ಜಿ.ಯಲ್ಲಿ ಲೋಹ ಅಂತ ಇರುವುದು ಎರಡು ಬಳೆ, ಒಂದು ಸರ. ಊರಲ್ಲಿ ಸರಗಳ್ಳನಿಗೆ ನೂರು ಅಡಿ ದೂರದಿಂದ ಕಾಣುವ ಚಿನ್ನ ಈ ಯಂತ್ರಕ್ಕೆ ಕಾಣಲಿಲ್ಲ.

ಕಿಟಕಿಯ ತನಕ ನಡೆದೇ ಹೋದೆ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ, ಕಿವಿಗೆ ಹೆಡ್‌ಸೆಟ್, ಎರಡು ಕೈಯಲ್ಲೂ ಕೆಲಸ. ಕಾರಿಲ್ಲದವರಿಗೆ ಕೊಡುವಂತಿಲ್ಲ ಮ್ಯಾಮ್, ಇನ್ಶೂರೆನ್ಸ್ ರೂಲ್ಸು, ಸಾರಿ, ಅಂದಳು. ಮುಖದಲ್ಲಿ ನಿಜವಾಗಿಯೂ ಸಾರಿ ಇತ್ತು. ನಾನು ವಾದ ಮಾಡಲಿಲ್ಲ. ಮೂವತ್ತಮೂರು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತವಳು ನಾನು. ‘ಟೈಮಾಯ್ತು, ಕ್ಯಾಶ್ ಕ್ಲೋಸಾಗಿದೆ, ನಾಳೆ ಬನ್ನಿ’ ಅಂತ ಎಷ್ಟು ಜನಕ್ಕೆ ಇದೇ ಮುಖ ಮಾಡಿಕೊಂಡು ಹೇಳಿದ್ದೇನೋ. ಕಿಟಕಿಯಲ್ಲಿ ಕೂತವರು ರೂಲ್ಸು ಬರೆದಿರುವುದಿಲ್ಲ.

ಕೊನೆಗೆ ಕಾಫಿ ಕೊಡಿಸಿದ್ದು ನನ್ನ ಹಿಂದಿದ್ದ ಕಾರಿನ ಹೆಂಗಸು. ಗಾಜಿಳಿಸಿ ಏನು ಬೇಕು ಅಂತ ಕೇಳಿದಳು, ತನ್ನ ತಿಂಡಿಯ ಜೊತೆ ನನ್ನದನ್ನೂ ಹೇಳಿದಳು, ಕಿಟಕಿ ದಾಟಿ ಮುಂದೆ ಬಂದು ಕಪ್ಪು ಕೈಗಿತ್ತಳು. ಎರಡು ಡಾಲರ್ ಚಾಚಿದರೆ ಬೇಡ ಎಂದು ಕೈ ಆಡಿಸಿ ಹೋಗಿಯೇಬಿಟ್ಟಳು.

ಕಾಫಿ ಬಂತು, ಕೂರುವುದೆಲ್ಲಿ? ಎಕರೆಗಟ್ಟಲೆ ಡಾಂಬರಿನಲ್ಲಿ ಒಂದು ಬೆಂಚಿಲ್ಲ. ಮೂಲೆಯಲ್ಲಿ ಹಸಿರು ಬಣ್ಣದ ಕರೆಂಟ್ ಪೆಟ್ಟಿಗೆಯೊಂದಿತ್ತು, ನನ್ನ ಎದೆಮಟ್ಟಕ್ಕೆ. ಅದರ ಮೇಲೆ ಕಪ್ಪಿಟ್ಟು, ಪಕ್ಕ ನಿಂತು ಕುಡಿದೆ. ಎರಡು ಗುಟುಕು ಆದ ಮೇಲೆ ನಗು ಬಂತು. ಅರೆ, ಇದು ನಮ್ಮ ದರ್ಶಿನಿಯೇ ಅಲ್ಲವೇ!

*

ಮಗನಿಗೆ ಹೇಳಿದರೆ ತಲೆ ಮೇಲೆ ಕೈ ಹೊತ್ತುಕೊಂಡ. “ಅಮ್ಮಾ, ಕಾರಿನ ಲೇನಲ್ಲಿ ಯಾರಾದ್ರೂ ನಿಂತ್ಕೋತಾರಾ? ಆ್ಯಪಲ್ಲಿ ಆರ್ಡರ್ ಮಾಡಿದ್ರೆ ಆಗ್ತಿತ್ತು.”

“ಮಾಡಿದ್ರೆ ಎಲ್ಲಿ ತಂದುಕೊಡ್ತಾರೋ?”

“ಪಾರ್ಕಿಂಗಲ್ಲಿ, ನಿನ್ನ ಕಾರ್ ಹತ್ರ...” ಅಂದವನು ಅಲ್ಲಿಗೇ ನಿಲ್ಲಿಸಿದ.

ಸೊಸೆ ಮಾತ್ರ, “ಅತ್ತೆ, ಇದು ಈಗ ಎಲ್ಲಾ ಕಡೆ ಹಂಗೇ ಆಗ್ತಿದೆ,” ಅಂತ ತನ್ನ ಟ್ಯಾಬ್ ಕೊಟ್ಟಳು. ಊಟ ಮುಗಿಸಿ ಹತ್ತು ಗಂಟೆಯವರೆಗೆ ಅದನ್ನೇ ಓದುತ್ತಾ ಕೂತೆ. ಓದಿದ್ದರಲ್ಲಿ ನೆನಪಿಟ್ಟುಕೊಳ್ಳಬೇಕು ಅನಿಸಿದ್ದನ್ನು ಬರೆದಿಡುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ಇನ್-ಎನ್-ಔಟ್ ಅನ್ನುವ ಬರ್ಗರ್ ಅಂಗಡಿಯವರು 1948ರಲ್ಲೇ ಕಾರಿನಲ್ಲಿ ಕೂತವರಿಗೆ ಸ್ಪೀಕರಿನಲ್ಲಿ ಆರ್ಡರ್ ತೆಗೆದುಕೊಂಡಿದ್ದರು. ಮೆಕ್‌ಡೊನಾಲ್ಡ್ಸ್‌ನ ಮೊದಲ ಡ್ರೈವ್ ಥ್ರೂ ಶುರುವಾದದ್ದು 1975ರ ಜನವರಿಯಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾ ಊರಿನಲ್ಲಿ. ಕಾರಣ ಸ್ವಾರಸ್ಯವಾಗಿದೆ. ಪಕ್ಕದಲ್ಲೇ ಫೋರ್ಟ್ ವಾಚೂಕಾ ಸೇನಾ ನೆಲೆ. ಕೆಲಸದ ಸಮವಸ್ತ್ರದಲ್ಲಿದ್ದ ಸೈನಿಕರು ನೆಲೆಯ ಹೊರಗೆ ಕಾರಿನಿಂದ ಇಳಿಯುವಂತಿರಲಿಲ್ಲ. ಇಳಿಯಲಾಗದವರಿಗೆ ಅಂತ ಗೋಡೆ ಒಡೆದು ಕಿಟಕಿ ಮಾಡಿದರು. ಐವತ್ತು ವರ್ಷದಲ್ಲಿ ಎಲ್ಲ ತಿರುಗುಮುರುಗಾಗಿ, ಈಗ ಕಾರಿನಿಂದ ಇಳಿದವರಿಗೇ ಜಾಗವಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಇಲ್ಲಿನ ದೊಡ್ಡ ಸರಣಿ ಹೋಟೆಲುಗಳೆಲ್ಲ ಒಳಗಿನ ಕುರ್ಚಿಗಳನ್ನು ಮಡಚಿಟ್ಟವು. ರೋಗದ ಭಯ, ಮುಚ್ಚಲೇಬೇಕಿತ್ತು. ಆದರೆ ಮುಚ್ಚಿದ ಮೇಲೆ ಮಾಲೀಕರಿಗೆ ಒಂದು ಲೆಕ್ಕ ಕಂಡಿತು. ಕೂರುವವರಿಲ್ಲದಿದ್ದರೂ ಕಿಟಕಿಯ ವ್ಯಾಪಾರ ನಡೆಯುತ್ತದೆ. ಟೇಬಲ್ ಒರೆಸಬೇಕಿಲ್ಲ, ಟಾಯ್ಲೆಟ್ ತೊಳೆಯಬೇಕಿಲ್ಲ, ನೆಲದ ಬಾಡಿಗೆ ಕಮ್ಮಿ, ಆಳುಗಳೂ ಕಮ್ಮಿ. 2022ರ ಜೂನಿನಲ್ಲಿ ಮಿನೆಸೋಟದ ಬ್ರೂಕ್ಲಿನ್ ಪಾರ್ಕಿನಲ್ಲಿ ಟ್ಯಾಕೊ ಬೆಲ್‌ನವರು ಎರಡಂತಸ್ತಿನ ಅಂಗಡಿಯನ್ನೇ ಕಟ್ಟಿದರು: ಅಡುಗೆಮನೆ ಮೇಲೆ, ಕೆಳಗೆ ಕಾರು ಹೋಗುವ ನಾಲ್ಕು ದಾರಿ, ತಿಂಡಿ ಪುಟ್ಟ ಲಿಫ್ಟಿನಲ್ಲಿ ಇಳಿದುಬರುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಇಲ್ಲೇ ಫೋರ್ಟ್ ವರ್ತ್ ಹತ್ತಿರ ಮೆಕ್‌ಡೊನಾಲ್ಡ್ಸ್‌ನವರು ಕೂರುವ ಜಾಗವೇ ಇಲ್ಲದ ಚಿಕ್ಕ ಅಂಗಡಿಯೊಂದನ್ನು ಪರೀಕ್ಷೆಗೆ ತೆರೆದರು. ಮೊದಲೇ ಆರ್ಡರ್ ಮಾಡಿದವರ ಪೊಟ್ಟಣ ಬೆಲ್ಟಿನ ಮೇಲೆ ಉರುಳಿಕೊಂಡು ಬರುತ್ತದಂತೆ, ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಬಂದ ಹಾಗೆ.

ಇದನ್ನೆಲ್ಲ ಓದುವಾಗ ಬೆರಗೇ ಆಯಿತು, ಸಿಟ್ಟಲ್ಲ. ಸಿಟ್ಟು ಬಂದದ್ದು ಲೂಸಿಯಾನಾದ ಒಬ್ಬರ ವಿಷಯ ಓದಿದಾಗ. ಅವರಿಗೆ ಕಣ್ಣು ಕಾಣುವುದಿಲ್ಲ. ರಾತ್ರಿ ಹೊತ್ತು ಒಳಗಿನ ಬಾಗಿಲು ಮುಚ್ಚಿ ಡ್ರೈವ್ ಥ್ರೂ ಮಾತ್ರ ನಡೆಸಿದರೆ, ಕಾರು ಓಡಿಸಲಾರದ ನಮ್ಮಂಥವರಿಗೆ ಅಂಗಡಿಯೇ ಮುಚ್ಚಿದಂತಾಯಿತಲ್ಲ ಅಂತ 2016ರಲ್ಲಿ ಮೆಕ್‌ಡೊನಾಲ್ಡ್ಸ್ ಮೇಲೆ ಕೇಸು ಹಾಕಿದರು. ಕಾರಿನ ಸಾಲಿನಲ್ಲಿ ನಡೆದು ಬರುವುದು ಅಪಾಯ ಅನ್ನುವುದೂ ಸುಳ್ಳಲ್ಲ. ಹಾಗಾದರೆ ನಡೆದು ಬರುವವರಿಗೆ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಿಟಕಿ ಕೊರೆಯಲು ಎಷ್ಟು ಖರ್ಚು? ಸೈನಿಕರಿಗೆ ಕೊರೆದಿರಲಿಲ್ಲವೇ?

ಇನ್ನೊಂದು ಪ್ರಸಂಗ ನ್ಯೂಯಾರ್ಕಿನ ಫ್ಲಶಿಂಗ್ ಬಡಾವಣೆಯದು, 2014ರ ಜನವರಿ. ಅಲ್ಲಿ ಕೊರಿಯಾ ಮೂಲದ ಅಜ್ಜ ಅಜ್ಜಿಯರು ಒಂದು ಪೊಟ್ಟಣ ಆಲೂಗಡ್ಡೆ ಫ್ರೈಸ್ ತೆಗೆದುಕೊಂಡು ಮೆಕ್‌ಡೊನಾಲ್ಡ್ಸ್‌ನಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರು. ಅಂಗಡಿಯವರು ಇಪ್ಪತ್ತೇ ನಿಮಿಷ ಎಂದು ಬೋರ್ಡು ಹಾಕಿದರು, ಪೊಲೀಸರನ್ನೂ ಕರೆಸಿದರು. ಎಬ್ಬಿಸಿದವರು ಒಂದು ಸುತ್ತು ಹಾಕಿ ಮತ್ತೆ ಬಂದು ಕೂರುತ್ತಿದ್ದರಂತೆ! ಕೊರಿಯನ್ ಸಮುದಾಯ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಕೊನೆಗೆ ಆ ಭಾಗದ ಶಾಸಕ ರಾನ್ ಕಿಮ್ ನಡುವೆ ಬಂದು ರಾಜಿ ಮಾಡಿಸಿದರು: ಹನ್ನೊಂದರಿಂದ ಮೂರರವರೆಗಿನ ಗಿರಾಕಿಗಳ ಹೊತ್ತಿನಲ್ಲಿ ಜಾಗ ಬಿಟ್ಟುಕೊಡುವುದು, ಉಳಿದ ಹೊತ್ತು ಸಲೀಸಾಗಿ ಕೂರುವುದು. ಹತ್ತಿರದಲ್ಲಿ ಹಿರಿಯರ ಕೇಂದ್ರಗಳಿದ್ದರೂ ಇಲ್ಲಿಗೇ ಯಾಕೆ ಬರುತ್ತಾರೆ ಅಂತ ಪತ್ರಿಕೆಯವರಿಗೆ ಸೋಜಿಗ. ನನಗೆ ಸೋಜಿಗವಾಗಲಿಲ್ಲ. ಹಿರಿಯರ ಕೇಂದ್ರದಲ್ಲಿ ಎಲ್ಲರೂ ಹಿರಿಯರೇ ಇರುತ್ತಾರೆ. ಹೋಟೆಲಿನಲ್ಲಾದರೆ ಸ್ಕೂಲ್ ಮಕ್ಕಳು, ಪೇಂಟಿಂಗ್ ಕೆಲಸದವರು, ಜಗಳವಾಡುವ ಗಂಡ ಹೆಂಡತಿ, ಎಲ್ಲ ಕಣ್ಣಿಗೆ ಬೀಳುತ್ತಾರೆ.

ನಾನಿದ್ದ ಅಂಚೆ ಕಚೇರಿಯಲ್ಲೂ ಗೋಡೆ ಪಕ್ಕ ಒಂದು ಮರದ ಬೆಂಚಿತ್ತು. ತಿಂಗಳ ಮೊದಲ ವಾರ ಪೆನ್ಷನ್ನಿಗೆ ಬಂದವರು ದುಡ್ಡು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೂ ಮಧ್ಯಾಹ್ನದವರೆಗೆ ಅಲ್ಲೇ ಹರಟುತ್ತಿದ್ದರು. ಗಲಾಟೆ ಜಾಸ್ತಿ ಅಂತ ಒಂದು ದಿನ ಬೆಂಚು ಗೋಡೌನಿಗೆ ಹೋಯಿತು. ಹೋಗಲಿ ಅಂದವರಲ್ಲಿ ನಾನೂ ಒಬ್ಬಳು. ಲೆಕ್ಕ ತಪ್ಪುತ್ತಿತ್ತು, ನಿಜ. ಬರೆಯುವ ಹೊತ್ತಿಗೆ ಯಾಕೋ ಆ ಬೆಂಚಿನ ಒಂದು ಕುಂಟು ಕಾಲು, ಅದಕ್ಕೆ ಕೊಟ್ಟಿದ್ದ ಮಡಿಚಿದ ಇನ್‌ಲ್ಯಾಂಡ್ ಲೆಟರು, ಎಲ್ಲ ನೆನಪಾಗುತ್ತಿದೆ.

ಇನ್ನು ನಮ್ಮ ದರ್ಶಿನಿ. ಕುರ್ಚಿ ತೆಗೆದದ್ದಕ್ಕೆ ಅಮೆರಿಕದವರನ್ನು ಬೈಯುವ ಹಕ್ಕು ಬೆಂಗಳೂರಿನವಳಾದ ನನಗಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದಾಗಲೇ ನಾವು ಕುರ್ಚಿ ಬಿಟ್ಟೆವು. ಗಲ್ಲಾದಲ್ಲಿ ದುಡ್ಡು, ಕೈಗೆ ಟೋಕನ್, ಕಣ್ಣೆದುರೇ ತವಾ, ನಿಂತೇ ತಿನ್ನು, ಜಾಗ ಬಿಡು. ಸಪ್ಲೈಯರ್ ಇಲ್ಲದ್ದರಿಂದ ಇಡ್ಲಿ ಅಗ್ಗವಾಯಿತು. ನಮ್ಮಪ್ಪ ಮಾತ್ರ ಸಾಯುವವರೆಗೂ ಅದನ್ನು ‘ಕುದುರೆ ಲಾಯ’ ಅಂತಲೇ ಕರೆದರು. ಆದರೆ ಆಫೀಸು ಬಿಟ್ಟು ಬಸ್ಸಿಗೆ ಮುಂಚೆ ಒಬ್ಬಳೇ ಹೆಂಗಸು ಹೋಗಿ, ಯಾರ ಮುಖವನ್ನೂ ನೋಡದೆ, ಬಿಸಿ ಕಾಫಿ ಕುಡಿಯುವ ಸ್ವಾತಂತ್ರ್ಯ ನನಗೆ ಮೊದಲು ಕೊಟ್ಟದ್ದು ಆ ನಿಂತ ಟೇಬಲ್ಲೇ. ಫ್ಯಾಮಿಲಿ ರೂಮಿನ ಪರದೆಯ ಹಿಂದೆ ಅದಿರಲಿಲ್ಲ. ಕೂರುವ ಜಾಗ ಕಿತ್ತರೂ ನಿಲ್ಲುವ ಜಾಗ ಉಳಿಸಿದ್ದರು. ಮೇಲಾಗಿ ಅಲ್ಲಿ ನಡೆದುಕೊಂಡು ಬರುವವನೇ ಗಿರಾಕಿ, ಕಾರಿನವನಿಗೇ ಪಾರ್ಕಿಂಗ್ ಸಿಗದೆ ಒದ್ದಾಟ. ಈಗೀಗ ಒಂದೆರಡು ಕುರ್ಚಿ ಹಿರಿಯ ನಾಗರಿಕರಿಗೆ ಅಂತ ಹಾಕುತ್ತಾರೆ. ಇನ್ನೊಂದು ಕಡೆ ‘ರಾಜಕೀಯ, ರಿಯಲ್ ಎಸ್ಟೇಟ್ ಚರ್ಚೆ ಬೇಡ’ ಅಂತ ಬೋರ್ಡು ಹಾಕಿ, ಅದರ ಫೋಟೋ ಎಲ್ಲರ ಫೋನಿಗೂ ಬಂದಿತ್ತು. ಸೈಟಿನ ಮಾತಿಲ್ಲದೆ ಬೆಂಗಳೂರಿನಲ್ಲಿ ಕಾಫಿ ಇಳಿಯುವುದುಂಟೇ?

ಕೊರೊನಾದಲ್ಲಿ ಅದೂ ತಪ್ಪಿಹೋಗಿತ್ತು. ಪಾರ್ಸಲ್ ಮಾತ್ರ ಅನ್ನುತ್ತಿದ್ದ ದಿನಗಳು. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿದ ಸಾಂಬಾರು, ಮನೆಗೆ ಬರುವಷ್ಟರಲ್ಲಿ ಬೆವೆತು ಮೆತ್ತಗಾದ ದೋಸೆ. 2020ರ ಜೂನ್ 8ಕ್ಕೆ ಹೋಟೆಲಿನೊಳಗೆ ಮತ್ತೆ ಬಿಟ್ಟಾಗ, ಮಾಸ್ಕ್ ಗಲ್ಲಕ್ಕಿಳಿಸಿ ನಿಂತು ಕುಡಿದ ಲೋಟದ ಕಾಫಿ ಇನ್ನೂ ನಾಲಿಗೆಯ ಮೇಲಿದೆ.

ಹನ್ನೊಂದಾಯಿತು. ಮೊಮ್ಮಗನ ಡಬ್ಬಿಗೆ ನಾಳೆ ಚಿತ್ರಾನ್ನ.

*

18 ಅಕ್ಟೋಬರ್, ಶನಿವಾರ

ಬಾಗಿಲ ಮೇಲಿನ ಹಾಳೆ ಹಾಗೇ ಇದೆ. ಹಬ್ಬದ ಸಾಮಾನಿಗೆ ಹೊರಟ ಮಗ, “ಬಾಮ್ಮಾ, ಇವತ್ತು ಕಾರಲ್ಲೇ ಕುಡಿಸ್ತೀನಿ ನಿನಗೆ,” ಅಂತ ಅದೇ ಅಂಗಡಿಗೆ ತಿರುಗಿಸಿದ. ಕಂಬ ತಕ್ಷಣ ಮಾತಾಡಿತು. ನಮ್ಮ ಹಳೇ ಟೊಯೊಟಾದಲ್ಲಿ ಬೇಕಾದಷ್ಟು ಲೋಹವಿದೆ.

ಸಾಲಿನಲ್ಲಿರುವಾಗ ಕಂಡದ್ದು, ಬೀಗ ಹಾಕಿದ ಬಾಗಿಲ ಮುಂದೆ ನೇರಳೆ ಟೋಪಿ. ಹಾಳೆ ಓದುತ್ತಾ ನಿಂತಿದ್ದಳು. ಓದಿ ಮುಗಿದ ಮೇಲೂ ನಿಂತಿದ್ದಳು. “ಒಂದು ಕಾಫಿ ಜಾಸ್ತಿ ಹೇಳೋ,” ಅಂದೆ.

“ಅಮ್ಮಾ, ಯಾರೋ ಏನೋ, ಗೊತ್ತಿಲ್ಲದವರನ್ನೆಲ್ಲ...”

“ನಂಗೊತ್ತು,” ಅಂದೆ. ಹೆಸರು ಮಾತ್ರ ಗೊತ್ತಿರಲಿಲ್ಲ.

ಮೊಮ್ಮಗ ಗಾಜಿಳಿಸಿ ಕೈ ಬೀಸಿದ. ಮೊದಲು ಹೆದರಿದಳು, ಆಮೇಲೆ ನನ್ನ ಮುಖ ನೋಡಿ ಅದೇ ನಗು ನಕ್ಕಳು. ಕಾರನ್ನು ಅಂಗಡಿಯ ಗಾಜಿಗೆ ಮುಖ ಮಾಡಿ ನಿಲ್ಲಿಸಿದೆವು. ಹಿಂದಿನ ಸೀಟಿನಲ್ಲಿ ನಾನು, ನಡುವೆ ಮೊಮ್ಮಗ, ಆಚೆ ಅವಳು, ಮಡಿಲಲ್ಲಿ ಕಪ್ಪು. ಎದುರಿಗೆ ಗಾಜಿನಾಚೆ ನಮ್ಮ ನಮ್ಮ ಟೇಬಲ್ಲುಗಳ ಮೇಲೆ ಕುರ್ಚಿಗಳು ಕಾಲು ಮೇಲೆ ಮಾಡಿ ಮಲಗಿದ್ದವು. ಪದಬಂಧದ ಅಜ್ಜ ಎಲ್ಲಿ ಅಂತ ಪೆನ್ನು ಹಿಡಿದ ಹಾಗೆ ಕೈ ಮಾಡಿ ಕೇಳಿದೆ. ಅವಳು ಎರಡು ಕೈಯಲ್ಲೂ ಸ್ಟಿಯರಿಂಗ್ ತಿರುಗಿಸಿ ತೋರಿಸಿದಳು.