ಶನಿವಾರದ ಖೋ ಖೋ, ಆರನೇ ವಾರ

ಹೊಳಲ್ಕೆರೆ ಕಡೆಯ ನಮ್ಮೂರ ಪ್ರೈಮರಿ ಶಾಲೆಯಲ್ಲಿ ಶನಿವಾರ ಮಕ್ಕಳನ್ನು ಆಡಿಸಲು ಶುರು ಮಾಡಿ ಆರು ವಾರ ಆಯ್ತು. ಮೊದಲ ದಿನ ನೋಡಿದ್ದು ಇಷ್ಟು: ಮೈದಾನದ ತುಂಬಾ ಹುಡುಗರ ಕ್ರಿಕೆಟ್, ನೀರಿನ ಟ್ಯಾಂಕ್ ಪಕ್ಕ ಚೂರು ನೆರಳಲ್ಲಿ ಹುಡುಗಿಯರ ಕುಂಟೆಬಿಲ್ಲೆ. ಅವರಿಗೆ ಓಡೋ ಆಟ ಇಷ್ಟ ಇಲ್ಲ ಅಂತ ಊರವರೂ ಹೇಳಿದ್ದರು. ಸುಳ್ಳು. ಸ್ಕರ್ಟ್ ಹಾಕಿಕೊಂಡು ಖೋ ಖೋ ಸಾಲಲ್ಲಿ ಕೂತು ಏಳೋದು ಕಷ್ಟ, ಅಷ್ಟೇ. ಶನಿವಾರ ಪ್ಯಾಂಟ್ ಹಾಕ್ಕೊಂಡು ಬನ್ನಿ ಅಂದೆ, ಬಂದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಖೋ ಖೋ ವಿಶ್ವಕಪ್ ಬಗ್ಗೆ ಹೋದ ತಿಂಗಳು ಮಕ್ಕಳಿಗೆ ಹೇಳುತ್ತಿದ್ದೆ. ಎರಡೂ ಫೈನಲ್‌ನಲ್ಲಿ ಸೋತಿದ್ದು ನೇಪಾಳ. ನಮ್ಮ ಹೆಣ್ಣುಮಕ್ಕಳು ಗೆದ್ದಿದ್ದು 78-40, ಗಂಡಸರು 54-36. ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಹೆಣ್ಣುಮಕ್ಕಳ ತಂಡದಲ್ಲಿ ಇದ್ದರು ಅಂತ ನಾನು ಹೇಳುವಷ್ಟರಲ್ಲೇ ನಾಲ್ಕನೇ ಕ್ಲಾಸಿನ ಒಬ್ಬಳು ಬೆರಳು ಮಡಚಿ ಕಳೆದು, "ಹುಡುಗೀರ್ದು 38 ಜಾಸ್ತಿ, ಹುಡುಗರ್ದು ಬರೀ 18" ಅಂದಳು. ಹುಡುಗರು ಗಪ್‌ಚುಪ್!

ಈಗ ನಿಜವಾದ ಸಮಸ್ಯೆಗೆ ಬರ್ತೀನಿ. ಅಟ್ಟುವ ತಂಡದ 8 ಜನ ಸಾಲಲ್ಲಿ ಆ ಕಡೆ ಒಬ್ಬರು ಈ ಕಡೆ ಒಬ್ಬರು ಮುಖ ಮಾಡಿ ಕೂರಬೇಕಲ್ವಾ, ಅಲ್ಲಿ ಹುಡುಗ, ಹುಡುಗಿ, ಹುಡುಗ ಅಂತ ಕೂರಿಸಿದೆ. ಮುಗೀತು ಅಂದುಕೊಂಡೆ. ಸುಮ್ನೆ ನೋಟ್‌ಬುಕ್ಕಲ್ಲಿ ಗೀಟು ಹಾಕುತ್ತಾ ಹೋದರೆ, ಹುಡುಗರು ಕೊಟ್ಟ 19 ಖೋದಲ್ಲಿ ಹುಡುಗಿಯರಿಗೆ ಸಿಕ್ಕಿದ್ದು 4. ಒಬ್ಬ ಅಂತೂ, ಓಡುವವಳು ಕೈಗೆ ಸಿಗುವಷ್ಟು ಹತ್ತಿರ ಇದ್ದಾಗಲೂ, ಅರ್ಧ ಎದ್ದಿದ್ದ ಹುಡುಗಿಯನ್ನು ದಾಟಿ ದೋಸ್ತನ ಹತ್ತಿರ ಹೋದ. ಅವಳು ಮತ್ತೆ ಕೂತಳು, ಮಣ್ಣು ಕೆರೆಯುತ್ತಾ. ನನಗೆ ಸಿಟ್ಟು ಬಂತು. ಕೇಳಿದರೆ, "ಬೆನ್ನು ಮುಟ್ಟಬೇಕಲ್ಲಕ್ಕಾ, ನಾಚಿಕೆ" ಅಂದ. ಹುಡುಗಿಯರನ್ನ ಕೀಳಾಗಿ ನೋಡ್ತಾರೆ ಅಂತ ತಿಳಿದಿದ್ದೆ ನಾನು!

ನಿಯಮ ಪಕ್ಕಕ್ಕಿಟ್ಟು, ಈ ವಾರ ಮುಟ್ಟಬೇಡಿ, ಬರೀ ಕೂಗಿ ಅಂದೆ. ಹತ್ತು ನಿಮಿಷ ಚೆನ್ನಾಗಿತ್ತು. ಆಟಗಾರ್ತಿಯೊಬ್ಬಳು ಮನೇಲಿ ಯಾರೂ ಇಲ್ಲ ಅಂತ ತಮ್ಮನನ್ನೂ ಕರಕೊಂಡು ಬಂದಿದ್ದಳು. ಕಂಬದ ಹತ್ತಿರ ಕೂತಿದ್ದ ಆ ಪುಟಾಣಿ ಖೋ ಅಂತ ಕೂಗೋದನ್ನ ಕಲಿತುಬಿಟ್ಟ. ಅವನು ಕೂಗಿದಾಗೆಲ್ಲಾ ಇಬ್ಬರು ಮೂವರು ಒಟ್ಟಿಗೆ ಏಳೋದು, ಡಿಕ್ಕಿ ಹೊಡೆಯೋದು. ಕೊನೆಗೆ ಆ ನಾಚಿಕೆ ಹುಡುಗನೇ ರೇಗಿ, "ಮುಟ್ಟಿದ್ರೆ ಮಾತ್ರ ಖೋ!" ಅಂತ ಕಿರುಚಿ, ಮುಂದಿದ್ದವಳ ಬೆನ್ನಿಗೆ ಒಂದು ಬಿಟ್ಟ. ಅವಳು ಹೋಗಿ ಔಟ್ ಮಾಡಿಕೊಂಡು ಬಂದಳು.

ಗಲಾಟೆಯಲ್ಲಿ ಗೀಟು ಹಾಕೋದು ಮರೆತೆ. ಮುಂದಿನ ಶನಿವಾರ ಮತ್ತೆ ಎಣಿಸ್ತೀನಿ.