12 ಮೀಟರ್ ವೈರಿನ ತಕರಾರು

ಮೊದಲ ವಾರ

ಆಂಪ್ಲಿಫೈಯರನ್ನು ಕೋಣೆಯ ಎಡಮೂಲೆಗೆ ಸರಿಸಿದ್ದೇ ಇಷ್ಟಕ್ಕೆಲ್ಲ ಕಾರಣ. ಎಡ ಸ್ಪೀಕರಿಗೆ 3 ಮೀಟರ್ ವೈರು ಸಾಕು. ಬಲದ್ದಕ್ಕೆ ಬಾಗಿಲನ್ನು ಬಳಸಿಕೊಂಡು ಹೋಗಬೇಕು, 12 ಮೀಟರ್. ಎರಡಕ್ಕೂ ಮನೆಯಲ್ಲಿ ಬಿದ್ದಿದ್ದ 0.5 ಚದರ ಮಿ.ಮೀ. ತೆಳು ವೈರನ್ನೇ ಹಾಕಿದೆ. ಕೂತು ಕೇಳಿದರೆ ನಟ್ಟನಡುವೆ ನಿಲ್ಲಬೇಕಾದ ಗಾಯಕಿಯ ದನಿ ಕೊಂಚ ಎಡಕ್ಕೆ ವಾಲಿದೆ.

ಗೋಡೆಯ ಕರಾಮತ್ತೂ ಇರಬಹುದಲ್ಲ? ಆಂಪ್ಲಿಫೈಯರನ್ನು ಒಂದು ಸಂಜೆಯ ಮಟ್ಟಿಗೆ ನಡುವೆ ತಂದಿಟ್ಟು ವೈರುಗಳನ್ನು ಅದಲುಬದಲು ಮಾಡಿದೆ. ದನಿ ಬಲಕ್ಕೆ ಜಾರಿತು. ಕಳ್ಳ ವೈರೇ.

ಎರಡನೇ ವಾರ

ಕಾಗದದ ಮೇಲೆ ಲೆಕ್ಕ ಹಾಕಿದೆ. 1 ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0172 ಓಮ್ ರೋಧ, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ. ಕರೆಂಟು ಹೋಗಿ ವಾಪಸ್ಸೂ ಬರಬೇಕಾದ್ದರಿಂದ 12 ಮೀಟರ್ ಅಂದರೆ 24. ತಂತಿಯ ಅಡ್ಡಗಾತ್ರ ಅರ್ಧವಾದ್ದರಿಂದ ರೋಧ ದುಪ್ಪಟ್ಟು. ಒಟ್ಟು 0.83 ಓಮ್ ಆಸುಪಾಸು.

ಇಷ್ಟು ಸಣ್ಣ ರೋಧಕ್ಕೆ ಮಲ್ಟಿಮೀಟರನ್ನು ನೇರವಾಗಿ ನಂಬುವಂತಿಲ್ಲ, ಅದರ ಕಡ್ಡಿಗಳ ರೋಧವೂ ಸೇರಿಕೊಳ್ಳುತ್ತದೆ. ವೈರಿನ ಆ ತುದಿಯನ್ನು ಒಂದಕ್ಕೊಂದು ಹೆಣೆದು, 1 ಆಂಪಿಯರ್ ಹಾಯಿಸಿ, ಈ ತುದಿಯಲ್ಲಿ ವೋಲ್ಟೇಜ್ ನೋಡಿದೆ: 1.3 ವೋಲ್ಟ್. ಅಂದರೆ 1.3 ಓಮ್! ಲೆಕ್ಕ ತಪ್ಪಿತೆಂದು ಎರಡು ಸಲ ಅಳೆದೆ. ಕೊನೆಗೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ. ಇದರ ರೋಧ ತಾಮ್ರದ ಒಂದೂವರೆಪಟ್ಟು.

ಸ್ಪೀಕರಿನ ಬೆನ್ನ ಮೇಲೆ ಬರೆದ 8 ಓಮ್ ಬರೀ ಹೆಸರಿಗೆ. ಸ್ವರದ ಎತ್ತರಕ್ಕೆ ತಕ್ಕಂತೆ ಅದು ಬದಲಾಗುತ್ತದೆ: ನನ್ನದನ್ನು ಅಳೆದಾಗ ಒಂದೆಡೆ 5ಕ್ಕೆ ಇಳಿಯುತ್ತದೆ, ಬಾಸ್‌ನಲ್ಲಿ ಅನುರಣಿಸುವ ಜಾಗದಲ್ಲಿ 30ಕ್ಕೆ ಏರುತ್ತದೆ. ನಡುವೆ 1.3 ಓಮ್ ಕೂತರೆ 5 ಇರುವಲ್ಲಿ 2 ಡೆಸಿಬೆಲ್ ಖೋತಾ, 30 ಇರುವಲ್ಲಿ 0.4ರಷ್ಟೂ ಇಲ್ಲ. ಬರೀ ಸದ್ದು ತಗ್ಗಿದ್ದರೆ ವಾಲ್ಯೂಮ್ ಏರಿಸಿ ಸುಮ್ಮನಾಗುತ್ತಿದ್ದೆ. ಇಲ್ಲಿ ದನಿಯ ರೂಪವೇ ಬದಲಾಗಿ ಬಾಸ್ ಗುಂಯ್‌ಗುಡುತ್ತಿತ್ತು.

ಮೂರನೇ ವಾರ

2.5 ಚದರ ಮಿ.ಮೀ. ಅಪ್ಪಟ ತಾಮ್ರದ ವೈರು ಎಳೆದೆ. ಬಲಗಡೆ ಈಗ 0.17 ಓಮ್, ಅತಿ ಹೆಚ್ಚೆಂದರೆ 0.3 ಡೆಸಿಬೆಲ್ ನಷ್ಟ. (ಆತುರದಲ್ಲಿ ಒಂದು ಬಿಡಿ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿ ಆಂಪ್ಲಿಫೈಯರ್ ಟಕ್ಕೆಂದು ಆಫ್ ಆಯಿತು. ಪುಣ್ಯಕ್ಕೆ ಸುಡಲಿಲ್ಲ.)

ಮಗಳು ನನಗೆ ಕಾಣದಂತೆ ವೈರು ಬದಲಿಸಿದಳು. 12 ಮೀಟರಿನ ತೆಳುವೋ ದಪ್ಪವೋ ಎಂದು 10ಕ್ಕೆ 10 ಸರಿ ಹೇಳಿ ಬೀಗಿದೆ. ಆಮೇಲೆ ಹೊಳೆಯಿತು, ದಪ್ಪದ್ದರಲ್ಲಿ ಸದ್ದೇ ಜೋರು, ಕಿವಿ ಹಿಡಿದದ್ದು ಅದನ್ನೇ. ಸದ್ದಿನ ಮಟ್ಟವನ್ನು ವೋಲ್ಟ್‌ಮೀಟರಿನಿಂದ ಸರಿಸಮ ಮಾಡಿ ಮತ್ತೆ ಕೇಳಿದಾಗ 8. ದಪ್ಪ ವೈರಿನ 3 ಮೀಟರ್ ಮತ್ತು 12 ಮೀಟರ್ ತುಂಡುಗಳ ನಡುವೆ 5. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು.

ಎರಡೂ ಕಡೆ ಸಮ ಉದ್ದ ಇರಲೇಬೇಕು, ಇಲ್ಲದಿದ್ದರೆ ಒಂದು ಸ್ಪೀಕರಿನ ದನಿ ತಡವಾಗುತ್ತದೆ ಎಂದು ಗೆಳೆಯನ ವಾದ. ವೈರಿನಲ್ಲಿ ಸಿಗ್ನಲ್ ಬೆಳಕಿನ ವೇಗದ ಮೂರನೇ ಎರಡರಷ್ಟು ವೇಗದಲ್ಲಿ ಓಡುತ್ತದೆ ಎಂದಿಟ್ಟುಕೊಂಡರೂ 9 ಮೀಟರ್ ಹೆಚ್ಚಿಗೆ ಹಿಡಿಯುವುದು 45 ನ್ಯಾನೊಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಸಾಗುವ ದೂರ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸೋಫಾದಲ್ಲಿ ಮಗ್ಗುಲು ಬದಲಿಸಿದರೆ ಇದರ ಸಾವಿರಪಟ್ಟು ವ್ಯತ್ಯಾಸ! ಎಡಕ್ಕೆ 3, ಬಲಕ್ಕೆ 12, ಹಾಗೆಯೇ ಬಿಟ್ಟಿದ್ದೇನೆ.

ದನಿ ಈಗ ನಡುವೆಯೇ ಇದೆ. ಬಾಗಿಲ ಬಳಿ ಎಲ್ಲರ ಕಾಲಿಗೂ ವೈರು ತೊಡರುತ್ತಿದೆ. ಮುಂದಿನ ವಾರ ಅದನ್ನು ಚೌಕಟ್ಟಿನ ಮೇಲಿಂದ ಹಾಯಿಸಬೇಕು. ಇನ್ನೆರಡು ಮೀಟರ್ ಬೇಕಾಗಬಹುದು, ಬೇಕಾಗಲಿ.