ಸಂಕದ ಕೆಳಗಿನ ಹೆಣ: ಒಂದು ಮಲೆನಾಡಿನ ನಗೆಪತ್ತೇದಾರಿ ಎಲ್ಲಿಯವರೆಗೆ ಬಂತು

ಆರಿದ್ರಾ ಮಳೆ

ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ ಇರಬಹುದಾದ, ಆದರೆ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಸಣ್ಣ ಪೇಟೆಯಲ್ಲಿ ನಡೆಯುವ ಕೊಲೆಯ ಕಥೆಯನ್ನು ಹಾಸ್ಯದ ಧಾಟಿಯಲ್ಲಿ ಬರೆಯುವ ಕೆಲಸ ಅಂತೂ ಶುರುವಾಗಿದೆ. ಸತ್ತವನು ಒಬ್ಬ ಚೇಣಿದಾರ. ಸುತ್ತಲಿನ ಅರ್ಧ ತೋಟಗಳ ಅಡಿಕೆಯನ್ನು ಮರದ ಮೇಲಿರುವಾಗಲೇ ಗುತ್ತಿಗೆ ಹಿಡಿಯುವವನು. ನೆಲಕ್ಕೆ ಪೂಜೆ ಸಲ್ಲಿಸುವ ಭೂಮಿ ಹುಣ್ಣಿಮೆಯ ನಸುಕಿನಲ್ಲಿ ಅವನ ಹೆಣ ಹಳ್ಳದ ಸಂಕದ (ಮರದ ಕಾಲುಸೇತುವೆಯ) ಕೆಳಗೆ ಸಿಗುತ್ತದೆ. ಕೊಲೆಯ ಜಾಡು ಹಿಡಿಯುವವಳು ಸೀತಕ್ಕ, ಸುಗ್ಗಿಯಲ್ಲಿ ಮನೆಯಿಂದ ಮನೆಗೆ ಅಡಿಕೆ ಸುಲಿಯಲು ಹೋಗುವ ಹೆಂಗಸರ ಗುಂಪಿಗೆ ಹಿರಿಯಳು. ಮೊದಲ ಎರಡು ಅಧ್ಯಾಯಗಳು ಒಂದು ಹದಕ್ಕೆ ಬಂದಿವೆ.

ಪತ್ತೇದಾರಿ ಬರೆಯುವವರು ಕನ್ನಡದಲ್ಲಿ ಕಡಿಮೆಯೇನಿರಲಿಲ್ಲ. 1952ರಲ್ಲಿ ಮೊದಲ ಕಾದಂಬರಿ ಪ್ರಕಟಿಸಿದ ಎನ್. ನರಸಿಂಹಯ್ಯನವರೊಬ್ಬರೇ ಐನೂರರಷ್ಟು ಕಾದಂಬರಿಗಳನ್ನು ಬರೆದು, ಬಸ್ಸಿನಲ್ಲಿ ಕುಳಿತವರನ್ನೂ ಓದುಗರನ್ನಾಗಿ ಮಾಡಿದರು. ಆದರೆ ಅವರ ಪತ್ತೇದಾರ ಪುರುಷೋತ್ತಮ ಅದೇ ಕಸುಬಿನವನು, ಸಾಹಸಿ. ನನ್ನನ್ನು ಎಳೆದದ್ದು ಬೇರೆ ಕವಲು. 1927ರ ಒಂದು ಸಣ್ಣಕಥೆಯಲ್ಲಿ ಅಗಾಥಾ ಕ್ರಿಸ್ಟಿ ಮಿಸ್ ಮಾರ್ಪಲ್ ಎಂಬ ಹಣ್ಣುಹಣ್ಣು ಮುದುಕಿಯನ್ನು ಓದುಗರ ಮುಂದೆ ತಂದರು. 1930ರಲ್ಲಿ ಆಕೆಯ ಮೊದಲ ಕಾದಂಬರಿ ಬಂತು. ಆಕೆಯ ಬಳಿ ಭೂತಗನ್ನಡಿಯಿಲ್ಲ, ಪಿಸ್ತೂಲಿಲ್ಲ. ಎದುರಿಗಿರುವ ಆರೋಪಿಯನ್ನು ನೋಡಿ, ಇವನು ನಮ್ಮೂರಿನ ಇಂಥವನ ಹಾಗೆಯೇ ಇದ್ದಾನಲ್ಲ ಎಂದುಕೊಳ್ಳುವುದಷ್ಟೇ ಆಕೆಯ ವಿದ್ಯೆ. ಸಣ್ಣ ಊರಿನ ಕೊಲೆಕಥೆಯ ರುಚಿ ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರ ಮನೆಯ ನಾಯಿ ಯಾರಿಗೆ ಬೊಗಳುವುದಿಲ್ಲ ಎಂಬುದೆಲ್ಲ ಊರಿಗೆ ಮೊದಲೇ ಗೊತ್ತಿರುತ್ತದೆ. ಆ ತಿಳಿವಳಿಕೆಯೇ ಸಾಕ್ಷ್ಯವಾಗಿ ಕೊಲೆಗಾರನನ್ನು ಹಿಡಿಯುತ್ತದೆ, ಅದೇ ತಿಳಿವಳಿಕೆ ಚಾಡಿಯಾಗಿ ಓದುಗನನ್ನು ನಗಿಸುತ್ತದೆ.

ಆದರೆ ಇಂಗ್ಲೆಂಡಿನ ಹಳ್ಳಿಯ ಅಚ್ಚು ಮಲೆನಾಡಿಗೆ ಕೂಡುವುದಿಲ್ಲ. ಅಲ್ಲಿ ಒಂದು ಬೀದಿಯಿದೆ, ಆ ಬೀದಿಗೆ ತೆರೆದ ಕಿಟಕಿಗಳಿವೆ. ನಮ್ಮಲ್ಲಿ ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಕಣಿವೆಯ ಆಚೆ. ನೆರೆಮನೆಯ ದೀಪ ಕಾಣಬೇಕಾದರೂ ತೋಟ ದಾಟಬೇಕು. ಇಷ್ಟಾದರೂ ಸುದ್ದಿ ಮಾತ್ರ ಸಂಜೆಯೊಳಗೆ ಎಲ್ಲ ಮನೆಗಳನ್ನೂ ಮುಟ್ಟಿರುತ್ತದೆ. ಅದನ್ನು ಹೊತ್ತೊಯ್ಯುವವರು ಯಾರೆಂದು ಯೋಚಿಸುತ್ತ ಹೋದಂತೆ ಪಾತ್ರಗಳು ತಾವಾಗಿ ಬಂದವು: ಡೇರಿಗೆ ಹಾಲು ಹಾಕುವವರು, ಸೊಸೈಟಿಯ ಕಟ್ಟೆಯ ಮೇಲೆ ಕುಳಿತವರು, ಬಸ್ಸಿನ ಕಂಡಕ್ಟರ್ ಮತ್ತು ಎಲ್ಲರಿಗಿಂತ ಮುಖ್ಯವಾಗಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ. ಅಡಿಕೆ ಮರದ ತುದಿಯಲ್ಲಿ ಕುಳಿತು ಇಳಿಯದೆಯೇ ಮುಂದಿನ ಮರಕ್ಕೆ ಜೀಕುವ ಮನುಷ್ಯನಿಗೆ ನಾಲ್ಕು ಮನೆಗಳ ಅಂಗಳ, ಎರಡು ಮನೆಗಳ ಹಿತ್ತಲು ಒಟ್ಟಿಗೇ ಕಾಣುತ್ತವೆ. ಇಂಥ ಸಾಕ್ಷಿ ಯಾವ ದೇಶದ ಪತ್ತೇದಾರಿಯಲ್ಲೂ ಇರಲಾರ. (ಈಗ ಕಾರ್ಬನ್ ಫೈಬರ್ ದೋಟಿ ಬಂದು ಕೊನೆಗೌಡರು ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಿದ್ದಾರೆ. ಅವರ ಜೀವಕ್ಕೆ ಅದು ಒಳ್ಳೆಯದು; ಪತ್ತೇದಾರಿ ಬರೆಯುವವನಿಗೆ ನಷ್ಟ.)

ಪುನರ್ವಸು

ಪೊಲೀಸರನ್ನು ಕಥೆಯೊಳಗೆ ತರದೆ ವಿಧಿಯಿಲ್ಲ. 2024ರ ಜುಲೈ 1ರಿಂದ ಕಾನೂನಿನ ಸಂಖ್ಯೆಗಳು ಬದಲಾಗಿರುವುದರಿಂದ, ಹಳೆಯ ಸಿನಿಮಾಗಳ 302ನ್ನು ನಂಬಿ ಬರೆಯುವ ಹಾಗಿಲ್ಲ. ಕೊಲೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 103ನೆಯ ಸೆಕ್ಷನ್. ಸಂಕದಿಂದ ಬಿದ್ದು ಸತ್ತಂತೆ ಕಾಣುವ ಪ್ರಕರಣ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಮೊದಲು ನಾಗರಿಕ ಸುರಕ್ಷಾ ಸಂಹಿತೆಯ 194ರ ಪ್ರಕಾರ ಅಸಹಜ ಸಾವಿನ ವರದಿ (ಯುಡಿಆರ್) ದಾಖಲಾಗುತ್ತದೆ, ಪಂಚರ ಎದುರು ಶವದ ಮಹಜರು ನಡೆಯುತ್ತದೆ. ಕಾಗದದ ಮೇಲೆ ಅದು ಇನ್ನೂ ಕೊಲೆಯೇ ಆಗಿಲ್ಲದ ಈ ಅವಧಿ ನನಗೆ ವರವಾಯಿತು. ಸಬ್ ಇನ್ಸ್‌ಪೆಕ್ಟರರಿಗೆ ಅವಸರವಿಲ್ಲ. ಊರಿನವರಿಗೆ ಮಾತ್ರ ಅದು ಕೊಲೆಯೆಂದು ಖಾತ್ರಿ, ಏಕೆಂದರೆ ಆ ಸಂಕಕ್ಕೆ ಹಾಕಿದ್ದ, ಅಡಿಕೆ ಮರ ಸೀಳಿದ ದಬ್ಬೆಗಳಲ್ಲಿ ಯಾವುದು ಯಾವ ವರ್ಷದ್ದು, ಯಾವುದು ಲಡ್ಡಾಗಿದೆ ಎಂಬುದು ಅದರ ಮೇಲೆ ಓಡಾಡುವ ಶಾಲೆಯ ಮಕ್ಕಳಿಗೂ ಗೊತ್ತು. ಮುರಿಯಬೇಕಾದ ದಬ್ಬೆ ಹಾಗೆಯೇ ಇದೆ. ಹೋದ ವರ್ಷ ಹಾಕಿದ ಗಟ್ಟಿ ದಬ್ಬೆ ಹಳ್ಳದಲ್ಲಿದೆ.

ಸಬ್ ಇನ್ಸ್‌ಪೆಕ್ಟರರನ್ನು ಬಯಲುಸೀಮೆಯಿಂದ ವರ್ಗವಾಗಿ ಬಂದವರನ್ನಾಗಿ ಮಾಡಿದ್ದೇನೆ. ಓದುಗನಿಗಿಂತ ಒಂದು ಹೆಜ್ಜೆ ಹಿಂದೆ ಇರುವವನೊಬ್ಬ ಕಥೆಗೆ ಬೇಕು. ಹಾಗೆಂದು ಅವರನ್ನು ಪೆದ್ದನನ್ನಾಗಿಸಿದರೆ ಹಾಸ್ಯ ಅಗ್ಗವಾಗುತ್ತದೆ. ಅವರು ಜಾಣರು, ಪ್ರಾಮಾಣಿಕರು. ಅವರ ಪ್ರಶ್ನೆಗಳು ಈ ಊರಿನಲ್ಲಿ ಉತ್ತರವಿರುವ ಪ್ರಶ್ನೆಗಳಲ್ಲ, ಅಷ್ಟೇ. ನಾಲ್ಕನೆಯ ಅಧ್ಯಾಯದಲ್ಲಿ ಹೊಳೆಯಾಚೆಯ ಮನೆಯ ಅಜ್ಜಿಯನ್ನು ಅವರು ವಿಚಾರಿಸುವ ಭಾಗ ಸದ್ಯ ಹೀಗಿದೆ:

“ಅವತ್ತು ರಾತ್ರಿ ಅವರನ್ನ ಎಷ್ಟು ಗಂಟೆಗೆ ನೋಡಿದ್ರಿ, ಅಮ್ಮ?”

“ಗಂಟೆ ಎಂತ ನೋಡುದು ಮಾರಾಯ್ರೆ. ಕಡೇ ಬಸ್ಸು ಹೋಗಿತ್ತು.”

“ಕಡೇ ಬಸ್ಸು ಎಷ್ಟು ಗಂಟೆಗೆ?”

“ಅದು ಬಂದಾಗ.”

“ಸರಿ, ಅವತ್ತು ಎಷ್ಟು ಗಂಟೆಗೆ ಬಂದಿತ್ತು?”

“ಅವತ್ತು ಬರ್ಲಿಲ್ಲ. ಹಂಗಾಗೇ ಹೋಗಿತ್ತು ಅಂದ್ಕಂಡೆ. ನೀವು ಕಾಪಿ ಕುಡಿರಿ, ಆರ್ತದೆ.”

ಅಜ್ಜಿ ಸುಳ್ಳು ಹೇಳುತ್ತಿಲ್ಲ, ಸುಮ್ಮನೆ ಸತಾಯಿಸುತ್ತಲೂ ಇಲ್ಲ. ಬಸ್ಸು ಬಾರದ ರಾತ್ರಿ ಚೇಣಿದಾರ ನಡೆದೇ ಬಂದಿರಬೇಕು, ನಡೆದು ಬಂದವನು ಸಂಕ ದಾಟಲೇಬೇಕು ಎಂಬ ಮುಖ್ಯ ಸಂಗತಿ ಆ ಉತ್ತರದಲ್ಲಿಯೇ ಇದೆ. ಸಬ್ ಇನ್ಸ್‌ಪೆಕ್ಟರರು ಕಾಫಿ ಕುಡಿದು ಹೊರಡುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ಕವಳ ಹಾಕುತ್ತ ಕುಳಿತಿದ್ದ ಸೀತಕ್ಕ ಮಾತ್ರ ಮಾತು ನಿಲ್ಲಿಸುತ್ತಾಳೆ. ನಗೆಯ ಒಳಗೆ ಸುಳಿವನ್ನು ಇಡುವ ಈ ಕ್ರಮ ನನಗೆ ತುಂಬ ಹಿಡಿಸಿದೆ. ನಗುವ ಓದುಗ ಎಚ್ಚರ ತಪ್ಪಿರುತ್ತಾನೆ. ಸುಳಿವು ಕಣ್ಣೆದುರಿಗೇ ದಾಟಿ ಹೋದದ್ದು ಅವನಿಗೆ ತಿಳಿಯುವುದಿಲ್ಲ.

ಪುಷ್ಯ

ಹೆಚ್ಚು ಬರೆಯಲಾಗಲಿಲ್ಲ. ಕೊಳೆರೋಗದ ಭಯಕ್ಕೆ ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಸುವ ಗಡಿಬಿಡಿ. ಮಳೆ ಒಂದು ದಿನ ಹೊಳವಾಗುವುದನ್ನು ಕಾಯುವುದೇ ಒಂದು ಉದ್ಯೋಗವಾಗಿತ್ತು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸುವುದನ್ನು ನೋಡುತ್ತ ನಿಂತಾಗ, ವಿಷಪ್ರಯೋಗವನ್ನು ಕಥೆಯಿಂದ ಪೂರ್ತಿ ಕೈಬಿಡುವುದೆಂದು ನಿರ್ಧರಿಸಿದೆ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದವರು, ವಿಷಗಳ ವಿಷಯದಲ್ಲಿ ಅವರಿಗೆ ಅಧಿಕಾರವಿತ್ತು. ಇಲ್ಲಿ ಎಲ್ಲ ಮನೆಗಳ ಕೊಟ್ಟಿಗೆಯಲ್ಲೂ ಮೈಲುತುತ್ತದ ಚೀಲವಿದೆ, ಮತ್ತು ಅದರ ಕಡುನೀಲಿ ಬಣ್ಣ ಯಾವ ಪಾಯಸದಲ್ಲೂ ಅಡಗುವಂಥದ್ದಲ್ಲ. ಊರವರು ಮೊದಲು ಅದನ್ನೇ ಶಂಕಿಸಿ, ಮನೆಮನೆಯ ಚೀಲ ತೂಗಿ ನೋಡುವ ಒಂದು ಪ್ರಹಸನಕ್ಕೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ.

ರಕ್ತದ ಕಲೆಗೂ ಇದೇ ಗತಿ. ಪಂಚೆಯ ಮೇಲೆ ರಕ್ತವಿದೆ ಎಂದು ಸಬ್ ಇನ್ಸ್‌ಪೆಕ್ಟರರು ಒಬ್ಬನನ್ನು ಠಾಣೆಗೆ ಕರೆಸುತ್ತಾರೆ. ಹೊರಗೆ ಬಂದು ನೋಡಿದರೆ ಜಗಲಿಯಲ್ಲಿ ಕುಳಿತ ಎಲ್ಲರ ಪಂಚೆಯ ಮೇಲೂ ರಕ್ತ. ಉಂಬಳ (ಜಿಗಣೆ) ಕಚ್ಚಿದ ಗಾಯ ಅದು ಬಿಟ್ಟುಹೋದ ಮೇಲೂ ಬಹಳ ಹೊತ್ತು ಸೋರುತ್ತದೆ, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿದೆ. ಠಾಣೆಯ ಕಾನ್‌ಸ್ಟೇಬಲ್ ಈ ಸಂಗತಿಯನ್ನು ಬಹಳ ವಿನಯದಿಂದ, ಸಾಹೇಬರ ಕಾಲನ್ನೇ ತೋರಿಸುತ್ತ ವಿವರಿಸುತ್ತಾನೆ.

ಮಘೆ

ಕೊಲೆಯ ಕಾರಣದ ಬಗ್ಗೆ ಉಳಿದೆಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾಯಿತು. ಈ ಪ್ರಕಾರದಲ್ಲಿ ಸಾಯುವವನು ಎಲ್ಲರಿಗೂ ಬೇಡದವನಾಗಿರಬೇಕು. ಆಗಲೇ ಎಲ್ಲರ ಮೇಲೂ ಅನುಮಾನ ಬರುವುದು, ಓದುಗ ಅಳದೆ ಇರುವುದು. ದ್ವೇಷಕ್ಕೆ ಕಾರಣ ಹುಡುಕುತ್ತ ಹೊರಟರೆ ಮಲೆನಾಡಿನಲ್ಲಿ ಮೊದಲು ಎದುರಾಗುವುದು ನೆಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ತಾವು ಉಳುವ ನೆಲದ ಹಕ್ಕಿಗೆ ನಮೂನೆ 7ರಲ್ಲಿ ಅರ್ಜಿ ಕೊಟ್ಟರು; ಊರ ಮಾತಿನಲ್ಲಿ ಅದೇ ಡಿಕ್ಲರೇಷನ್. ‘ಡಿಕ್ಲರೇಷನ್ ಹಾಕಿದ್ದು’ ಎಂದರೆ ಇಂದಿಗೂ ಕೆಲವು ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಊರಿಗೂರೇ ಎದ್ದು ಹೋಯಿತು. ಆ ಸಂತ್ರಸ್ತರ ಮಕ್ಕಳು ಇನ್ನೂ ಹಕ್ಕುಪತ್ರದ ಮಾತಾಡುತ್ತಿದ್ದಾರೆ. ಇವು ಕೊಲೆಗೆ ಸಾಲುವ ಕಾರಣಗಳು ಹೌದು. ನಗುವುದಕ್ಕೆ ಸಲ್ಲುವ ಕಾರಣಗಳಲ್ಲ.

ನಗೆಯ ಕೊಲೆಕಥೆಗೆ ಕಾರಣ ಚಿಕ್ಕದಿರಬೇಕು ಎಂಬ ತೀರ್ಮಾನಕ್ಕೆ ಬಂದದ್ದು ಇಲ್ಲಿ. ಗಾಯ ದೊಡ್ಡದಾದರೆ ಕಥೆ ಆ ಗಾಯದ್ದಾಗುತ್ತದೆ, ಒಗಟು ಅದರ ಪಕ್ಕದಲ್ಲಿ ಅಸಹ್ಯವಾಗಿ ನಿಲ್ಲುತ್ತದೆ. ಹಾಗೆಂದು ನೆಲದ ಸುದ್ದಿಯೇ ಇಲ್ಲದ ಮಲೆನಾಡನ್ನು ಬರೆದರೆ ಅದು ಹೋಂಸ್ಟೇಯ ಜಾಹೀರಾತಾದೀತು. ನಾನು ಮಾಡಿಕೊಂಡ ಒಪ್ಪಂದವೆಂದರೆ, ಡಿಕ್ಲರೇಷನ್ನಿನ ನೆನಪು ಒಬ್ಬ ಮುದುಕನ ಮೌನವಾಗಿ ಕಥೆಯಲ್ಲಿರುತ್ತದೆ, ಊರವರೆಲ್ಲ ಅವನನ್ನೇ ಶಂಕಿಸುತ್ತಾರೆ, ಸೀತಕ್ಕ ಮಾತ್ರ ಮೊದಲ ದಿನದಿಂದ ಅವನನ್ನು ಪಟ್ಟಿಯಿಂದ ಬಿಡುತ್ತಾಳೆ. ನಿಜವಾದ ಕಾರಣ ಚೇಣಿಯ ಲೆಕ್ಕದೊಳಗಿದೆ. ಒಂದು ಕ್ವಿಂಟಾಲು ಹಸಿ ಕಾಯಿಗೆ ಚೇಣಿದಾರ 12 ಕಿಲೋ ಒಣ ಅಡಿಕೆ ಕೊಡಬೇಕೋ 13 ಕಿಲೋ ಕೊಡಬೇಕೋ ಎಂಬ ಒಂದು ಕಿಲೋದ ಜಗಳ, ಕೊಟ್ಟದ್ದು ಒಳ್ಳೆಯ ದರ್ಜೆಯ ರಾಶಿ ಇಡಿಯೋ ಕೆಳದರ್ಜೆಯ ಗೊರಬಲು ಬೆರೆಸಿದ್ದೋ ಎಂಬ ಅದರ ಬಾಲ, ಮತ್ತು ತಕ್ಕಡಿಗೆ ಕೈ ಹಚ್ಚಿದವರು ಯಾರು ಎಂಬ ಪ್ರಶ್ನೆ. ಒಂದು ಕಿಲೋಕ್ಕೆ ಕೊಲೆಯೇ ಎಂದು ಹೊರಗಿನವರು ಕೇಳಬಹುದು. ಅಡಿಕೆ ಬೆಳೆಯುವವರು ಕೇಳುವುದಿಲ್ಲ.

ಉತ್ತರೆ

ಸುಳಿವುಗಳ ಜೋಡಣೆ ಬಹುಮಟ್ಟಿಗೆ ಮುಗಿದಿದೆ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಹಾಕಿಕೊಟ್ಟಿದ್ದರು. ಅವುಗಳಲ್ಲಿ ಒಂದರ ಪ್ರಕಾರ ಕಥೆಯಲ್ಲಿ ಒಂದಕ್ಕಿಂತ ಹೆಚ್ಚು ಗುಪ್ತದ್ವಾರ ಇರಕೂಡದು. ಮಲೆನಾಡಿನ ಮನೆಗೆ ಜಗಲಿಯ ಬಾಗಿಲು, ಹಿತ್ತಿಲ ಬಾಗಿಲು, ಬಚ್ಚಲಿನಿಂದ ಹೊರಗೆ ಹೋಗುವ ಬಾಗಿಲು, ಕೊಟ್ಟಿಗೆಗೆ ಹೋಗುವ ಬಾಗಿಲು ಎಲ್ಲವೂ ಬಹಿರಂಗವಾಗಿಯೇ ಇರುವಾಗ ಗುಪ್ತದ್ವಾರದ ಅಗತ್ಯವೇ ಬೀಳುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯೊಳಗಿನ ಕೊಲೆಯನ್ನು ಇಲ್ಲಿ ಬರೆಯುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಎಂಬ ಇನ್ನೊಂದು ಕಟ್ಟಳೆಯನ್ನು ನಾನು ವ್ರತದಂತೆ ಪಾಲಿಸುತ್ತಿದ್ದೇನೆ.

ಒಂದು ಸುಳಿವನ್ನು ಇಲ್ಲಿ ಹೇಳಿಬಿಡುತ್ತೇನೆ. ಅದು ನಿಜದ್ದೋ ದಾರಿ ತಪ್ಪಿಸುವಂಥದ್ದೋ ಎಂಬುದನ್ನು ಹೇಳುವುದಿಲ್ಲ. ಸಾವಿನ ರಾತ್ರಿ ಒಬ್ಬರು ತಾವು ಬೆಳಗಿನ ಜಾವದವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದೆವೆಂದು ಹೇಳುತ್ತಾರೆ. ಹಸಿ ಅಡಿಕೆ ಸುಲಿದವರ ಬೆರಳ ತುದಿಗಳು ಒಗರಿಗೆ ಕಪ್ಪಾಗುತ್ತವೆ, ಸೋಪು ಹಾಕಿ ತಿಕ್ಕಿದರೂ ಅಂದೇ ಬಿಡುವುದಿಲ್ಲ. ಮರುದಿನ ಭೂಮಿ ಹುಣ್ಣಿಮೆ. ನಸುಕಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗಿ, ಪೂಜೆ ಮುಗಿಸಿ, ಹಚ್ಚಂಬಲಿ ಎಂಬ ಸೊಪ್ಪುತರಕಾರಿಯ ಎಡೆಯನ್ನು ನೆಲಕ್ಕೆ ಬೀರಿ, ಅಲ್ಲಿಯೇ ಕುಳಿತು ಎಲ್ಲರೂ ಉಣ್ಣುತ್ತಾರೆ. ಹೆಣದ ಸುದ್ದಿ ಬರುವ ಮೊದಲು, ಯಾರಿಗೆ ದೊಡ್ಡ ಕಡುಬು ಬಂತೆಂದು ಅಣ್ಣತಮ್ಮಂದಿರು ಜಗಳವಾಡುವ ಪ್ರಸಂಗವೊಂದಿದೆ. ಅಲ್ಲಿ ಸಾಲಾಗಿ ಎಲ್ಲರ ಕೈಗಳೂ ಕಡುಬಿಗೆ ಚಾಚಿಕೊಂಡಿವೆ, ಒಂದೊಂದು ಕೈಯನ್ನೂ ಒಂದೊಂದು ವಾಕ್ಯದಲ್ಲಿ ವರ್ಣಿಸಿದ್ದೇನೆ. ಓದಿ ನೋಡಿದ ನನ್ನ ಅತ್ತಿಗೆ ಜಗಳಕ್ಕೆ ನಕ್ಕು ಮುಂದೆ ಹೋದರು. ಕೈಗಳ ಬಗ್ಗೆ ಏನೂ ಹೇಳಲಿಲ್ಲ. ಸುಲಿಯುವ ಯಂತ್ರ ಬಂದಿರುವ ಈ ಕಾಲದಲ್ಲಿ ಮೆಟ್ಟುಗತ್ತಿ ಯಾರ ಮನೆಯಲ್ಲಿದೆ ಎಂದು ಮಾತ್ರ ಕೇಳಿದರು. ಅದಕ್ಕಾಗಿ ಮೂರನೆಯ ಅಧ್ಯಾಯದಲ್ಲಿ ಯಂತ್ರದ ಬೆಲ್ಟು ಹರಿದುಹೋಗುವ ಒಂದು ಪುಟ ಸೇರಿತು, ಮತ್ತು ಆ ಬೆಲ್ಟು ತಾನಾಗಿ ಹರಿಯಿತೋ ಹೇಗೆ ಎಂಬುದು ಈಗ ಇನ್ನೊಂದು ಸುಳಿವಾಗಿದೆ.

ಹಸ್ತ

ಉಳಿದಿರುವುದು ಕೊನೆಯ ಅಧ್ಯಾಯ. ಇಂಗ್ಲಿಷ್ ಕಥೆಗಳಲ್ಲಿ ಶಂಕಿತರನ್ನೆಲ್ಲ ಒಂದು ಹಜಾರಕ್ಕೆ ಕರೆದು ಕೂರಿಸಲು ಲೇಖಕ ಏನಾದರೊಂದು ನೆಪ ಹುಡುಕಬೇಕು. ನಮ್ಮಲ್ಲಿ ಹದಿಮೂರನೆಯ ದಿನದ ಊಟವಿದೆ. ಸತ್ತವನನ್ನು ಕಂಡರಾಗದವರೂ ಆ ದಿನ ತಪ್ಪಿಸುವುದಿಲ್ಲ, ಪಂಕ್ತಿಯಲ್ಲಿ ಕುಳಿತ ಮೇಲೆ ಹಿರಿಯರು ಏಳುವವರೆಗೆ ಏಳುವಂತೆಯೂ ಇಲ್ಲ. ಕೊಲೆಗಾರನ ಎಲೆಗೆ ಎರಡನೆಯ ಸಲ ಅನ್ನ ಬೀಳುವಾಗ ಮಾತು ಶುರುವಾಗಬೇಕೆಂಬುದು ನನ್ನ ಯೋಜನೆಯಾಗಿತ್ತು.

ಆದರೆ ಸೀತಕ್ಕ ಎಲ್ಲಿ ಕೂರುತ್ತಾಳೆ? ಸುಲಿಯಲು ಬರುವ ಹೆಂಗಸನ್ನು ದೊಡ್ಡಮನೆಯ ಮೊದಲ ಪಂಕ್ತಿಯಲ್ಲಿ ಕೂರಿಸಿದರೆ ಓದುವವರು ನಂಬುವುದಿಲ್ಲ. ಕಡೆಯ ಪಂಕ್ತಿಗೆ ತಳ್ಳಿ ಏನೂ ಆಗದವನಂತೆ ಮುಂದುವರಿಯಲು ನನಗೆ ಮನಸ್ಸಿಲ್ಲ. ಈಗ ಬರೆಯುತ್ತಿರುವ ರೂಪದಲ್ಲಿ ಒಳಗಿನ ಪಂಕ್ತಿಯವರು ಉಂಡು ಕೈತೊಳೆಯಲು ಹೊರಗೆ ಬರುತ್ತಾರೆ. ತೋಟದ ಅಂಚಿನ ನಲ್ಲಿಯ ಪಕ್ಕದಲ್ಲಿ, ತನ್ನ ಸರದಿ ಇನ್ನೂ ಬಾರದ ಸೀತಕ್ಕ ಚೆಂಬು ಹಿಡಿದು ನಿಂತಿದ್ದಾಳೆ. ಪ್ರತಿಯೊಬ್ಬರೂ ಅವಳ ಮುಂದೆ ಕೈ ಚಾಚಲೇಬೇಕು. ಸಬ್ ಇನ್ಸ್‌ಪೆಕ್ಟರರಿಗೆ ಯಾವ ಪಂಕ್ತಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವರು ತಾವಾಗಿ ಕಡೆಯ ಪಂಕ್ತಿಯನ್ನು ಆರಿಸಿಕೊಂಡರೆ ಯಜಮಾನರ ಮುಖ ಹೇಗಾದೀತು ಎಂಬುದನ್ನು ಬರೆದು ನೋಡಬೇಕಾಗಿದೆ.